ಬಸ್ಸು ಹತ್ತಲೊಲ್ಲದ ದೊರೆಸಾನಿ

ಅದು ೧೯೬೩ನೇ ಇಸವಿ. ಸಂಕ್ರಾಂತಿ ಕಳೆದು ಕೆಲವು ದಿನಗಳಾಗಿದ್ದವು. ನಾನು ಆಗ ಹಳೇಬೀಡಿನ ಶಾಲೆಯೊಂದರಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದೆ. ನನ್ನ ಊರು ಬಾಣಾವರ. ಮದುವೆಯಾಗದ ಹುಡುಗಿ ಪರಸ್ಥಳದಲ್ಲಿ ಒಬ್ಬಳೇ ಇರುವುದು ಬೇಡವೆಂದು ಅಪ್ಪ ತಮ್ಮ ಅಕ್ಕನನ್ನು ನನ್ನ ಜೊತೆ ಮಾಡಿ ಕಳಿಸಿದ್ದರು. ದೇವಸ್ಥಾನದ ಹಿಂದಿನ ಬೀದಿಯಲ್ಲಿ ಬಾಡಿಗೆಗೆ ಹಿಡಿದ ಎರಡು ಕೋಣೆಯ ಮನೆಯಲ್ಲಿ ನಾನೂ ಅತ್ತೆಯೂ ಇರುತ್ತಿದ್ದೆವು.

ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಿದ್ದೆನೇ ಹೊರತು ನಾನು ಯಾರೊಂದಿಗೂ ಇಂಗ್ಲಿಷಿನಲ್ಲಿ ಮಾತಾಡಿದವಳಲ್ಲ. ದೇವಸ್ಥಾನ ನೋಡಲು ಆಗೊಮ್ಮೆ ಈಗೊಮ್ಮೆ ಬಿಳಿಯ ಜನ ಬರುತ್ತಿದ್ದರು. ಅವರು ಎಲ್ಲಿ ನನ್ನನ್ನು ಏನಾದರೂ ಕೇಳಿಬಿಡುತ್ತಾರೋ ಎಂಬ ಭಯಕ್ಕೆ ನಾನು ಸುತ್ತು ಹಾಕಿಕೊಂಡು ಮನೆಗೆ ಹೋಗುತ್ತಿದ್ದೆ.

ಒಂದು ಶನಿವಾರ ಬೆಳಗಿನ ಸ್ಕೂಲು ಮುಗಿಸಿ ಮನೆಗೆ ಬಂದು ಕೈಕಾಲು ತೊಳೆಯುತ್ತಿದ್ದೆ. ದೇವಸ್ಥಾನದ ಕಾವಲುಗಾರ ರಂಗಪ್ಪ ಓಡಿಬಂದು ಬಾಗಿಲಲ್ಲಿ ನಿಂತ.

"ಮೇಷ್ಟ್ರಮ್ಮಾರೇ, ಬಿರ್ರನೆ ಬನ್ನಿ. ದೊರೆ ಒಬ್ಬ ಕುಸಿದು ಕುಂತ್ಬುಟ್ಟವ್ನೆ. ದೊರೆಸಾನಿ ಏನೋ ಕೂಗ್ತಾವ್ಳೆ, ಒಬ್ರಿಗೂ ತಿಳೀವಲ್ದು. ನೀವು ಇಂಗ್ಲೀಸು ಬಲ್ಲೋರು."

ಹೆಡ್‌ಮಾಸ್ಟರನ್ನು ಕರೆದುಕೊಂಡು ಹೋಗು ಎಂದೆ. ಅವರು ಸ್ಕೂಲು ಬಿಟ್ಟದ್ದೇ ಬಸ್ಸು ಹತ್ತಿ ಹಾಸನಕ್ಕೆ ಹೋದರು ಎಂದ. ಸೆರಗಿನಲ್ಲೇ ಕೈ ಒರೆಸಿಕೊಂಡು ಅವನ ಹಿಂದೆ ಓಡಿದೆ.

ದೇವಸ್ಥಾನದ ಜಗತಿಯ ಕಲ್ಲುಕಟ್ಟೆಗೆ ಒರಗಿಕೊಂಡು ಅರವತ್ತು ದಾಟಿದ ದಪ್ಪನೆಯ ಮನುಷ್ಯ ಕೂತಿದ್ದ. ಅವನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಆ ಚಳಿಯಲ್ಲೂ ಅಂಗಿಯೆಲ್ಲ ಬೆವರಿನಿಂದ ಒದ್ದೆಯಾಗಿತ್ತು. ಒಂದು ಕೈಯಲ್ಲಿ ಎದೆಯನ್ನು ಒತ್ತಿ ಹಿಡಿದಿದ್ದ. ಅವನ ಪಕ್ಕದಲ್ಲಿ ಮಣ್ಣಿನಲ್ಲೇ ಮಂಡಿಯೂರಿದ್ದ ಹೆಂಗಸು ಅವನ ಹೆಂಡತಿ ಇರಬೇಕು. ಬಿಳಿ ಕೂದಲು, ಪಾದದವರೆಗೂ ಇಳಿಯದ ಕಂದು ಲಂಗ, ಕುತ್ತಿಗೆಯವರೆಗೂ ಗುಂಡಿ ಹಾಕಿದ ರವಿಕೆ. ಸುತ್ತಲೂ ಊರಿನ ಜನ ಮುತ್ತಿಕೊಂಡಿದ್ದರು. ಆಕೆ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದ ರೀತಿ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಅದು ಸಹಾಯ ಕೇಳುವ ನೋಟವಾಗಿರಲಿಲ್ಲ, ಹೆದರಿದ ನೋಟವಾಗಿತ್ತು. ಆಕೆ ನಮಗೇ ಹೆದರಿದ್ದಳು.

ನಾನು ಮುಂದೆ ಹೋಗಿ, ಪುಸ್ತಕದಲ್ಲಿ ಇದ್ದಂತೆಯೇ, ಏನು ತೊಂದರೆ ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಆಕೆ ಒಂದೇ ಉಸಿರಿಗೆ ಏನೇನೋ ಹೇಳಿದಳು. ಅದರಲ್ಲಿ ಒಂದು ಮಾತೂ ಇಂಗ್ಲಿಷ್ ಆಗಿರಲಿಲ್ಲ. ಜನರೆಲ್ಲ ನನ್ನ ಬಾಯಿಯನ್ನೇ ನೋಡುತ್ತಿದ್ದರು.

ಅಷ್ಟರಲ್ಲಿ ಎದುರಿನ ಹೋಟೆಲಿನವರು ಒಂದು ಚೊಂಬು ನೀರು ತಂದು ಆ ಮನುಷ್ಯನ ಬಾಯಿಗೆ ಹಿಡಿಯಹೋದರು. ಆಕೆ ಅವರ ಕೈಯನ್ನು ತಳ್ಳಿ "ನೈನ್, ನೈನ್" ಎಂದು ಕೂಗಿದಳು. ನೀರು ನೆಲಕ್ಕೆ ಚೆಲ್ಲಿತು. ಈ ಒಂದು ಮಾತು ನನಗೆ ಅರ್ಥವಾಯಿತು ಎಂದುಕೊಂಡೆ.

"ಒಂಬತ್ತು ಅಂತಿದಾಳೆ" ಎಂದೆ.

"ಏನು ಒಂಬತ್ತು?" ಎಂದು ರಂಗಪ್ಪ ಕೇಳಿದ. ನನಗೇನು ಗೊತ್ತು? ಒಂಬತ್ತು ಗಂಟೆಗೆ ಶುರುವಾಯಿತೆಂದೋ, ಒಂಬತ್ತು ಜನ ಬಂದಿದ್ದಾರೆಂದೋ, ತಲೆ ಓಡಲಿಲ್ಲ. ಹಿಂದಿನಿಂದ ಯಾರೋ "ನಮ್ ನೀರ್ ಮುಟ್ಟಾಕಿಲ್ಲ ಕಣ್ಲಾ ಅವ್ರು, ಬಿಡು" ಎಂದು ಮುನಿಸಿನಿಂದ ಹೇಳಿದರು.

ಆಕೆ ಆಮೇಲೆ ರಸ್ತೆಯ ಕಡೆಗೆ ಕೈ ತೋರಿಸಿ "ಔಟೊ, ಔಟೊ" ಎನ್ನತೊಡಗಿದಳು. ಜನರನ್ನು ಆಚೆ ಕಳಿಸು ಎನ್ನುತ್ತಿದ್ದಾಳೆ ಎಂದು ತಿಳಿದು ನಾನು ಎಲ್ಲರನ್ನೂ ದೂರ ಸರಿಸಿದೆ. ಗಾಳಿಯೇನೋ ಆಡಿತು, ಆದರೆ ಆಕೆಯ ಗೋಳು ನಿಲ್ಲಲಿಲ್ಲ. ಆ ಮನುಷ್ಯ ಒಮ್ಮೆ ಕಣ್ಣು ಮುಚ್ಚಿ ಮತ್ತೆ ತೆರೆದ.

ಕೊನೆಗೆ ಆಕೆ ಮಾತು ಬಿಟ್ಟಳು. ನನ್ನ ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಂಡು, ತನ್ನ ನಾಲಿಗೆ ಎತ್ತಿ, ಅದರ ಕೆಳಗೆ ಬೆರಳ ತುದಿಯಿಂದ ಏನನ್ನೋ ಇಡುವಂತೆ ಮಾಡಿದಳು. ಆಮೇಲೆ ಗಂಡನ ಎದೆ ಮುಟ್ಟಿದಳು. ಆಮೇಲೆ ಎರಡೂ ಕೈಗಳಿಂದ ಗಾಳಿಯಲ್ಲಿ ಚಕ್ರ ತಿರುಗಿಸಿದಳು. ಪುನಃ ನಾಲಿಗೆ, ಎದೆ, ಚಕ್ರ.

"ಮಾತ್ರೆ" ಎಂದೆ ನಾನು. "ನಾಲಿಗೆ ಕೆಳಗೆ ಇಡೋ ಮಾತ್ರೆ. ಅದು ಕಾರಿನಲ್ಲಿದೆ. ರಂಗಪ್ಪ, ಇವರ ಕಾರು ಎಲ್ಲಿ?"

"ಇವ್ರನ್ನ ಇಳ್ಸಿ ಡ್ರೈವರು ಬೇಲೂರಿಗೆ ಹೋದ್ನಲ್ಲ ಮೇಷ್ಟ್ರಮ್ಮ. ಪೆಟ್ರೋಲ್ ಹಾಕಿಸ್ಕೊಂಡು, ಊಟ ಮಾಡ್ಕೊಂಡು ಬತ್ತೀನಿ, ಅಲ್ಲೀಗಂಟ ನೋಡ್ಕೊಂಡಿರು ಅಂದ."

ಬೇಲೂರು ಹತ್ತು ಮೈಲಿ. ಡ್ರೈವರು ಯಾವಾಗ ಬರುತ್ತಾನೋ ಗೊತ್ತಿಲ್ಲ. ಆ ಮನುಷ್ಯನ ತುಟಿ ನೀಲಿಗಟ್ಟುತ್ತಿತ್ತು. ಏನು ಮಾಡುವುದೆಂದು ತೋಚದೆ ನಿಂತಿದ್ದಾಗ ಬಾಣಾವರದ ಕಡೆಯಿಂದ ಬೇಲೂರಿಗೆ ಹೋಗುವ ಬಸ್ಸಿನ ಹಾರನ್ನು ಕೇಳಿಸಿತು. ಬಸ್ಸಿನಲ್ಲಿ ಕರೆದುಕೊಂಡು ಹೋದರೆ ದಾರಿಯಲ್ಲಿ ಕಾರು ಸಿಕ್ಕೀತು, ಸಿಗದಿದ್ದರೆ ಬೇಲೂರಿನ ಆಸ್ಪತ್ರೆಯಾದರೂ ಇದೆ. ಹಾಗೆಂದು ಹೇಳಿದೆ. ರಂಗಪ್ಪ ಹೋಟೆಲಿನಿಂದ ಕುರ್ಚಿ ತಂದ. ನಾಲ್ಕು ಜನ ಸೇರಿ ಆ ಮನುಷ್ಯನನ್ನು ಅದರಲ್ಲಿ ಕೂರಿಸಿ, ಕುರ್ಚಿಯ ಸಮೇತ ಎತ್ತಿಕೊಂಡು ಬಸ್ಸಿನ ಹತ್ತಿರ ತಂದರು.

ಅಲ್ಲಿ ಆಕೆ ಅಡ್ಡ ನಿಂತಳು. ಗಂಡನನ್ನು ಎರಡು ಕೈಯಿಂದ ತಬ್ಬಿಕೊಂಡು "ನೈನ್" ಎಂದು ಚೀರಿದಳು. ಹತ್ತಿರ ಬಂದವರನ್ನು ಮೊಣಕೈಯಿಂದ ತಿವಿದಳು. ನಾನು ಕೈ ಮುಗಿದೆ. ಚಕ್ರ ತಿರುಗಿಸಿ ತೋರಿಸಿದೆ, ನಾಲಿಗೆ ಎತ್ತಿ ತೋರಿಸಿದೆ, ಬೇಲೂರಿನ ದಿಕ್ಕಿಗೆ ಕೈ ಮಾಡಿದೆ. ಆಕೆಗೆ ನನ್ನ ಮೇಲೆ ನಂಬಿಕೆ ಬರಲಿಲ್ಲ. ನೆಲವನ್ನು ತೋರಿಸಿ, ಇಲ್ಲೇ, ಇಲ್ಲೇ ಎನ್ನುವಂತೆ ಕಾಲು ಊರಿ ನಿಂತಳು.

"ಟೈಮಾಯ್ತು ಕಣ್ರೀ, ಹತ್ತಿಸೋದಾದ್ರೆ ಹತ್ತಿಸಿ" ಎಂದು ಕಂಡಕ್ಟರು ಹೇಳಿದ. ಗುಂಪಿನಲ್ಲಿದ್ದ ಹಿರಿಯರೊಬ್ಬರು ನನ್ನ ಕಿವಿಯ ಹತ್ತಿರ ಬಂದರು. "ಬಲವಂತ ಮಾಡ್ಬೇಡ್ರವ್ವ. ದಾರೀಲಿ ಏನಾರ ಹೆಚ್ಚುಕಮ್ಮಿ ಆದ್ರೆ ನಾಳೆ ಪೊಲೀಸ್ನೋರು ನಿಮ್ಮನ್ನೇ ಕೇಳ್ತಾರೆ."

ಅವರು ಹೇಳಿದ್ದು ಸುಳ್ಳಲ್ಲ. ಪರದೇಶದ ಮನುಷ್ಯ. ಹೆಂಡತಿ ಬೇಡ ಬೇಡವೆಂದು ಕೂಗುತ್ತಿರುವಾಗ ನಾನು ಬಸ್ಸಿಗೆ ಹಾಕಿಸಿ, ಅವನು ಬಸ್ಸಿನಲ್ಲೇ ಸತ್ತರೆ? ಬಿಟ್ಟುಬಿಡೋಣ, ಕಾರು ಬರುವವರೆಗೆ ಕಾಯೋಣ ಎಂದು ಹೇಳಲು ಬಾಯಿ ತೆರೆದಿದ್ದೆ.

ಆಗ ನಮ್ಮ ಅತ್ತೆ ಗುಂಪನ್ನು ಸರಿಸಿಕೊಂಡು ಬಂದರು. ನನ್ನನ್ನು ಹುಡುಕಿಕೊಂಡು ಮನೆಯಿಂದ ಬಂದವರು ಯಾವಾಗಿನಿಂದ ನಿಂತು ನೋಡುತ್ತಿದ್ದರೋ ಗೊತ್ತಿಲ್ಲ. ಅತ್ತೆ ಮಡಿ ಹೆಂಗಸು, ಬೀದಿಯಲ್ಲಿ ಯಾರಿಗೂ ಸೋಕದಂತೆ ಓಡಾಡುವವರು. ಅವರು ನೇರವಾಗಿ ಆ ಮನುಷ್ಯನ ಮುಂದೆ ಬಂದು, ತಮ್ಮ ಕೆಂಪು ಸೀರೆಯ ಸೆರಗಿನಿಂದ ಅವನ ಹಣೆಯ ಬೆವರು ಒರೆಸಿದರು. ಹೆಂಗಸು ಕೂಗುವುದನ್ನು ನಿಲ್ಲಿಸಿ ಅವರನ್ನೇ ನೋಡಿದಳು. ಅತ್ತೆ ಬಸ್ಸಿನ ಮೆಟ್ಟಿಲು ಹತ್ತಿ, ಮುಂದಿನ ಉದ್ದ ಸೀಟಿನಲ್ಲಿ ಕೂತವರನ್ನು ಎಬ್ಬಿಸಿ, ತಾವು ಒಂದು ತುದಿಯಲ್ಲಿ ಕೂತರು. ಆಮೇಲೆ ಬಾಗಿಲಿನ ಕಡೆಗೆ ಕೈ ಚಾಚಿದರು.

"ಬಾರೇ. ನಾನೂ ಬರ್ತೀನಿ."

ಆಕೆ ಗಂಡನ ಮುಖ ನೋಡಿದಳು, ಚಾಚಿದ ಆ ಕೈ ನೋಡಿದಳು. ಅವರಿಬ್ಬರಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ತಬ್ಬಿದ ಕೈ ನಿಧಾನವಾಗಿ ಸಡಿಲಿಸಿ, ಆಕೆ ಮೆಟ್ಟಿಲು ಹತ್ತಿ ಅತ್ತೆಯ ಕೈ ಹಿಡಿದಳು. ಗಂಡಸರು ಕುರ್ಚಿಯಿಂದ ಅವಳ ಗಂಡನನ್ನು ಎತ್ತಿ ಇಬ್ಬರ ನಡುವೆ ಒರಗಿಸಿ ಕೂರಿಸಿದರು. ಬಸ್ಸು ಹೊರಟಿತು.

ನಾನು ಡ್ರೈವರನ ಪಕ್ಕದಲ್ಲಿ ನಿಂತು ರಸ್ತೆಯನ್ನೇ ನೋಡುತ್ತಿದ್ದೆ. ಬೂದು ಬಣ್ಣದ ಕಾರು ಎಂದು ರಂಗಪ್ಪ ಹೇಳಿದ್ದ. ಎದುರಿಗೆ ಎತ್ತಿನ ಗಾಡಿ ಬಂದರೂ ನನಗೆ ಕಾರಿನಂತೆ ಕಾಣುತ್ತಿತ್ತು. ಹಿಂದೆ ಅತ್ತೆ ಮಾತಾಡುತ್ತಿದ್ದರು. ಆಕೆಗೆ ಕನ್ನಡ ಬರುತ್ತದೆಯೋ ಇಲ್ಲವೋ ಎಂಬ ಯೋಚನೆಯೇ ಅವರಿಗಿದ್ದಂತಿರಲಿಲ್ಲ.

"ನಮ್ಮನೆಯವರಿಗೂ ಹೀಗೇ ಆಗಿತ್ತು ಕಣೇ. ಹೊಲದಿಂದ ಬಂದೋರು ಎದೆ ಹಿಡ್ಕೊಂಡು ಕೂತ್ರು. ಗಾಡಿ ಕಟ್ಟೋ ಹೊತ್ತಿಗೆ ಹೋಗೇಬಿಟ್ರು. ಆವತ್ತು ಮನೇಲಿ ನಾನೊಬ್ಬಳೇ. ನಿನಗೆ ಹಾಗಾಗಲ್ಲ. ಇಷ್ಟು ಜನ ಇದೀವಿ."

ಮಾವ ತೀರಿಕೊಂಡದ್ದು ಹೇಗೆಂದು ನಾನು ಅದುವರೆಗೂ ಕೇಳಿದವಳಲ್ಲ. ಆ ಹೆಂಗಸು ತನ್ನ ಭಾಷೆಯಲ್ಲಿ ಏನೋ ಹೇಳಿದಳು. ಅತ್ತೆ "ಹೂಂ" ಎಂದರು. ಆಕೆ ಮತ್ತೇನೋ ಹೇಳಿದಳು. ಅತ್ತೆ ಮತ್ತೆ "ಹೂಂ ಕಣಮ್ಮ" ಎಂದರು.

ಅರ್ಧ ದಾರಿ ಕಳೆದಿರಬೇಕು. ತಿರುವಿನಲ್ಲಿ ಧೂಳೆಬ್ಬಿಸಿಕೊಂಡು ಬೂದು ಕಾರು ಬಂತು. ನಾನು ಕೈ ಬೀಸುವಷ್ಟರಲ್ಲೇ ನಮ್ಮನ್ನು ದಾಟಿ ಹೋಯಿತು. "ಅದೇ ಕಾರು, ನಿಲ್ಲಿಸಿ" ಎಂದೆ. ಬಸ್ಸಿನ ಡ್ರೈವರು ಬ್ರೇಕು ಹಾಕಿ ಹಾರನ್ನು ಒತ್ತಿ ಹಿಡಿದೇಬಿಟ್ಟ. ಕಂಡಕ್ಟರು ಕೆಳಗೆ ಹಾರಿ ಧೂಳಿನಲ್ಲಿ ಓಡಿದ. ಕಾರು ಕಣ್ಮರೆಯಾಯಿತು ಎಂದುಕೊಂಡಾಗ ದೂರದಲ್ಲಿ ಅದು ನಿಂತಿತು. ಹಿಂದಕ್ಕೆ ಬರತೊಡಗಿತು.

ಕಾರಿನ ಹಿಂದಿನ ಸೀಟಿನಲ್ಲಿದ್ದ ಚರ್ಮದ ಚೀಲವನ್ನು ಕಂಡಕ್ಟರು ಬಸ್ಸಿಗೆ ತಂದ. ಅದನ್ನು ಕಂಡದ್ದೇ ಆಕೆ ಕಸಿದುಕೊಂಡಳು. ಒಳಗಿದ್ದ ಸೀಸೆಯ ಮುಚ್ಚಳ ತೆರೆಯಲು ಆಕೆಗೆ ಆಗಲಿಲ್ಲ. ನಾನು ತೆಗೆದುಕೊಂಡು ತೆರೆದೆ. ಆಕೆ ಸಾಸಿವೆಗಿಂತ ತುಸು ದೊಡ್ಡದಿದ್ದ ಮಾತ್ರೆಯೊಂದನ್ನು ಗಂಡನ ನಾಲಿಗೆಯ ಕೆಳಗೆ ಇಟ್ಟಳು. ಆಮೇಲೆ ಕಾಯುವುದೊಂದೇ ಉಳಿಯಿತು. ಸ್ವಲ್ಪ ಹೊತ್ತಿಗೆ ಅವನು ಎದೆ ಹಿಡಿದಿದ್ದ ಕೈಯನ್ನು ಕೆಳಗೆ ಬಿಟ್ಟ. ಒಂದು ದೀರ್ಘ ಉಸಿರು ಎಳೆದುಕೊಂಡ. ಮುಖಕ್ಕೆ ಬಣ್ಣ ಬರತೊಡಗಿದ ಮೇಲೆ ಆಕೆ ಅತ್ತೆಯ ಹೆಗಲಿಗೆ ತಲೆ ಇಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಬಸ್ಸಿನಲ್ಲಿದ್ದ ಹೆಂಗಸರೆಲ್ಲ ಕಣ್ಣು ಒರೆಸಿಕೊಂಡರು.

ಅವರನ್ನು ಕಾರಿನಲ್ಲೇ ಬೇಲೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರು ಇಂಜೆಕ್ಷನ್ ಕೊಟ್ಟು, ಗಂಡಾಂತರ ಕಳೆಯಿತು, ಆದರೆ ಅಲ್ಲಾಡದೆ ಮಲಗಿರಬೇಕು ಎಂದರು. ಡ್ರೈವರು ಬೆಂಗಳೂರಿಗೆ ಫೋನು ಮಾಡಿಸಿದ. ಆಕೆ ಅತ್ತೆಯ ಕೈ ಬಿಡಲಿಲ್ಲವಾದ್ದರಿಂದ ನಾವಿಬ್ಬರೂ ಅಲ್ಲೇ ಉಳಿದೆವು.

ಮಾರನೆಯ ದಿನ ಬೆಳಿಗ್ಗೆ ಅವರ ಮಗ ಬಂದ. ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಇಂಜಿನಿಯರು. ಅವರು ಜರ್ಮನಿಯವರು ಎಂಬುದು ನಮಗೆ ಗೊತ್ತಾದದ್ದೇ ಆಗ. ನೈನ್ ಎಂದರೆ ಬೇಡ, ಔಟೊ ಎಂದರೆ ಕಾರು ಎಂದು ಅವನು ನನಗೆ ಇಂಗ್ಲಿಷಿನಲ್ಲಿ ತಿಳಿಸಿದ. ಅವನಿಗೂ ಇಂಗ್ಲಿಷ್ ತಡೆದು ತಡೆದೇ ಬರುತ್ತಿತ್ತು, ಹಾಗಾಗಿ ನಾನೂ ಧೈರ್ಯವಾಗಿ ಮಾತಾಡಿದೆ.

ಅವನ ತಾಯಿ ಅದುವರೆಗೆ ತನ್ನ ದೇಶದ ಗಡಿ ದಾಟಿದವಳಲ್ಲವಂತೆ. ಭಾಷೆ ಬಾರದ ಕಡೆ ಮೋಸಹೋದಾರು ಎಂದು ಮಗನೇ ಎಚ್ಚರಿಕೆ ಹೇಳಿ ಕಳಿಸಿದ್ದನಂತೆ. ಯಾರು ಕೊಟ್ಟ ನೀರನ್ನೂ ಕುಡಿಯಬೇಡಿ, ಡ್ರೈವರು ಬಿಟ್ಟ ಜಾಗದಿಂದ ಕದಲಬೇಡಿ, ಯಾರು ಕರೆದರೂ ಹೋಗಬೇಡಿ. "ನೀವು ಅಪ್ಪನನ್ನು ಕುರ್ಚಿಯಲ್ಲಿ ಎತ್ತಿಕೊಂಡು ಹೊರಟಾಗ, ಇನ್ನು ಅವರನ್ನು ನೋಡುವುದೇ ಇಲ್ಲ ಎಂದುಕೊಂಡಳಂತೆ" ಎಂದು ಹೇಳಿದ. ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ನಾನು ಪರೀಕ್ಷೆಗೆಂದು ಬೆಂಗಳೂರಿಗೆ ಹೊರಟಾಗ ಅರಸೀಕೆರೆ ಸ್ಟೇಷನ್ನಿನಲ್ಲಿ ಅಪ್ಪ ನನಗೆ ಹೇಳಿದ್ದೂ ಇವೇ ಮಾತುಗಳು.

"ಬಸ್ಸಿನಲ್ಲಿ ಈ ಅಮ್ಮ ತನಗೆ ಏನು ಹೇಳುತ್ತಿದ್ದರು ಎಂದು ನನ್ನ ತಾಯಿ ಕೇಳುತ್ತಿದ್ದಾಳೆ" ಎಂದ.

ನಾನು ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿದೆ. ಅವನು ಅದನ್ನು ತಾಯಿಗೆ ಹೇಳಿದ. ಆಕೆ ಎದ್ದು ಬಂದು ಅತ್ತೆಯ ಎರಡೂ ಕೈಗಳನ್ನು ತನ್ನ ಕೆನ್ನೆಗೆ ಒತ್ತಿಕೊಂಡು ಬಹಳ ಹೊತ್ತು ನಿಂತಳು. ಅತ್ತೆಗೆ ಸಂಕೋಚವಾಗಿ, "ಇರ್ಲಿ ಬಿಡು, ಇರ್ಲಿ ಬಿಡು" ಎನ್ನುತ್ತಿದ್ದರು.

ಅಂದು ಮಧ್ಯಾಹ್ನ ಹಳೇಬೀಡಿಗೆ ಹಿಂತಿರುಗುವ ಬಸ್ಸಿನಲ್ಲಿ ಅತ್ತೆ ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿದರು.

"ಅವಳ ಹೆಸರೇನೇ?"

ಮಗನ ಹೆಸರು, ತಂದೆಯ ಹೆಸರು, ಊರು, ಕಾಯಿಲೆ ಎಲ್ಲವನ್ನೂ ಕೇಳಿ ತಿಳಿದಿದ್ದೆ. ಇಡೀ ಒಂದು ದಿನ ಜೊತೆಯಲ್ಲಿದ್ದ ಆಕೆಯ ಹೆಸರನ್ನು ಕೇಳಿರಲಿಲ್ಲ. ಮರುವಾರ ಬೇಲೂರಿಗೆ ಹೋದಾಗ ಅವರನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿಯಾಗಿತ್ತು.

ಅತ್ತೆ ಇರುವವರೆಗೂ "ಆ ದೊರೆಸಾನಿ ಹೇಗಿದಾಳೋ" ಎಂದು ಆಗಾಗ ನೆನೆಯುತ್ತಿದ್ದರು. ಈಗ ಅವರೂ ಇಲ್ಲ. ದೇವಸ್ಥಾನದ ಮುಂದೆ ಪರದೇಶದ ಹೆಂಗಸು ಯಾರಾದರೂ ಚೀಲ ಅವುಚಿಕೊಂಡು ಒಬ್ಬಳೇ ನಿಂತಿದ್ದರೆ ನಾನು ಈಗ ಸುತ್ತು ಹಾಕಿಕೊಂಡು ಹೋಗುವುದಿಲ್ಲ. ಹತ್ತಿರ ಹೋಗಿ ನನ್ನ ಎದೆ ಮುಟ್ಟಿಕೊಂಡು ನನ್ನ ಹೆಸರು ಹೇಳುತ್ತೇನೆ, ಆಮೇಲೆ ಆಕೆಯ ಹೆಸರು ಕೇಳುತ್ತೇನೆ. ಭಾಷೆ ಬಾರದಿದ್ದರೂ ಅಷ್ಟು ಎಲ್ಲರಿಗೂ ತಿಳಿಯುತ್ತದೆ.