ಮೈಕಿನಲ್ಲಿ ಹೇಳದ ಹೆಸರು

ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸುಗಳ ವೇಳೆ ಹೇಳುವ ಗಂಭೀರ ದನಿ ಒಬ್ಬ ಮಾಜಿ ಪಾದ್ರಿಯದು. ಕೆಲವರು ಅವರನ್ನು ನೋಡಲೆಂದೇ ಬರುತ್ತಿದ್ದರು.

"ಪಾದ್ರಿಗಳೇ, ನಮ್ಮನೆ ಗುಟ್ಟೂ ಒಂಚೂರು ಮೈಕಲ್ಲಿ ಹೇಳ್ಬಿಡಿ!" ಎಂದು ಕಿಟಕಿಯಾಚೆ ಯಾರೋ ಕೂಗಿದರೆ ಉಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ತಪ್ಪು ಅವರದೇ. ಬಟ್ಟೆ ಹೊಲಿಯುವ ಹೆಂಗಸೊಬ್ಬಳು ತನ್ನ ಮದುವೆ ಮುರಿದ ಕಾರಣವನ್ನು ಅವರೊಬ್ಬರ ಮುಂದೆ ಹೇಳಿ ಅತ್ತಿದ್ದಳು. ಭಾನುವಾರ ಚರ್ಚಿನ ಪ್ರವಚನದಲ್ಲಿ ಅವರು ಹೆಸರೆತ್ತದೆ ಅದನ್ನೇ ಉದಾಹರಣೆ ಕೊಟ್ಟರು. ಊರೇನು ಕುರುಡೇ? ಸಂಜೆಯೊಳಗೆ ಎಲ್ಲರಿಗೂ ಗೊತ್ತಾಯಿತು. ಪಾದ್ರಿಯ ನಿಲುವಂಗಿ ಹೋಯಿತು, ಪತ್ರಿಕೆಯಲ್ಲಿ ಫೋಟೋ ಬಂತು. ಆಮೇಲೆ ಯಾರೂ ಅವರ ಹತ್ತಿರ ತಲೆನೋವೆಂದು ಕೂಡ ಹೇಳಿಕೊಳ್ಳಲಿಲ್ಲ. ನಂಬಿ ಒಂದೇ ಒಂದು ಮಾತು ಯಾರಾದರೂ ಹೇಳಿಯಾರೇ ಎಂಬುದೊಂದೇ ಅವರ ಆಸೆ.

ಮೂರು ವರ್ಷದ ಮೇಲೆ ಒಂದು ಬೆಳಿಗ್ಗೆ ಅದೇ ಹೆಂಗಸು ಏದುಸಿರು ಬಿಡುತ್ತ ಕಿಟಕಿಗೆ ಬಂದಳು.

"ಬಸ್ಸಿಗೆ ಅಂತ ಬಂದ್ವಿ, ಅಮ್ಮ ಕಾಣ್ತಿಲ್ಲ. ನೆನಪು ಪೂರ್ತಿ ಹೋಗಿದೆ ಅವಳಿಗೆ."

ಪಾದ್ರಿಯ ಕೈ ಮೈಕಿಗೆ ಹೋಯಿತು. "ಹೆಸರು?"

"ಹೆಸರು ಕೂಗಿದ್ರೆ ತಿರುಗೋದಿಲ್ಲ. ಅಪ್ಪ ಒಂದು ಹೆಸರಿಟ್ಟಿದ್ರು, ಮನೇಲಿ ಯಾರೂ ಇಲ್ಲದಾಗ ಕರೀತಿದ್ರು. ಅದಕ್ಕೆ ಮಾತ್ರ ಬರ್ತಾಳೆ." ಅವಳು ತುಟಿ ಕಚ್ಚಿಕೊಂಡಳು. "ಅದು ಅವರಿಬ್ಬರದೇ ರೀ. ಆದ್ರೆ ಏನ್ಮಾಡ್ಲಿ?"

ಹತ್ತಿರ ಬಂದು ಕಿವಿಯಲ್ಲಿ ಹೇಳಿದಳು. ಆ ಹೆಸರು ಇಲ್ಲಿ ಬೇಡ.

ಪಾದ್ರಿ ಮೈಕ್ ಆಫ್ ಮಾಡಿ ಹೊರಗೆ ನಡೆದರು. ಸಾಲುಸಾಲು ಬೆಂಚು ಹುಡುಕಿ, ನಿಂತ ಬಸ್ಸುಗಳನ್ನು ಹತ್ತಿ ಇಳಿದರು. ಮೈಕಿನಲ್ಲಿ ವೇಳೆ ಹೇಳುವವರಿಲ್ಲದೆ ಎರಡು ಬಸ್ಸು ಹೊರಟುಹೋದವು. ಕಡೆಗೆ ನೀರಿನ ತೊಟ್ಟಿಯ ಹಿಂದೆ ಮುದುಕಿ ಮುದುಡಿ ಕೂತಿದ್ದಳು. ಪಾದ್ರಿ ಮಂಡಿಯೂರಿ ಅವಳ ಕಿವಿಗಷ್ಟೇ ಕೇಳುವಂತೆ ಕರೆದರು. ಮುದುಕಿ ನಾಚಿ ನಕ್ಕು ಕೈ ಚಾಚಿದಳು.

ಹಿಂದೆಯೇ ನಿಲ್ದಾಣದ ಕಂಟ್ರೋಲರ್ ಕೆಂಡವಾಗಿ ಬಂದ. "ಮೈಕ್ ಬಿಟ್ಟು ಎಲ್ಲಿ ಹಾಳಾಗಿ ಹೋಗಿದ್ರಿ? ಆ ಅಜ್ಜಿ ಕಿವೀಲಿ ಏನು ಊದಿದ್ರಿ?"

"ಹೇಳೋ ಹಾಗಿಲ್ಲ ಸಾರ್."

"ಅರ್ಧ ದಿನದ ಸಂಬಳ ಕಟ್!"

"ಆಗ್ಲಿ ಸಾರ್."

ಮಗಳು ಸ್ವಲ್ಪ ದೂರದಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಹತ್ತಿರ ಬಂದು ತಾಯಿಯ ಸೆರಗು ಸರಿಪಡಿಸಿದಳು.

"ನಾನಿನ್ನೂ ಮರೆತಿಲ್ಲ," ಎಂದಳು.

"ಮರೀಬೇಡಮ್ಮ."

"ಟಿಕೆಟ್ ತಗೊಂಡು ಬರ್ತೀನಿ. ಅಲ್ಲೀವರೆಗೆ ಅಮ್ಮ ನಿಮ್ಮ ರೂಮಲ್ಲಿ ಕೂತಿರ್ಲಾ?"

ಪಾದ್ರಿ ತಮ್ಮ ಕುರ್ಚಿಯನ್ನು ಒರೆಸಿ ಮುದುಕಿಯನ್ನು ಕೂರಿಸಿದರು. ಆಮೇಲೆ ನಿಂತುಕೊಂಡೇ ಮುಂದಿನ ಬಸ್ಸಿನ ವೇಳೆ ಹೇಳಿದರು.