ನೀಲಿ ಉಗುರಿನ ಭೂಗೋಳದ ಮೇಷ್ಟ್ರು

ನಂಜನಗೂಡಿನ ಶಾಲೆಯಲ್ಲಿ ನಮಗೆ ಭೂಗೋಳ ಹೇಳುತ್ತಿದ್ದ ಮೇಷ್ಟ್ರ ಬಲಗೈ ಹೆಬ್ಬೆರಳಿನ ಉಗುರು ಯಾವಾಗಲೂ ನೀಲಿಯಾಗಿರುತ್ತಿತ್ತು. ಅದು ಬಟ್ಟೆಗೆ ಹಾಕುವ ನೀಲಿ. ಪಾಠಕ್ಕೊಂದು ಗೋಳ ಕೊಡಿಸಿ ಎಂದು ಕೇಳಿ ಕೇಳಿ ಸಾಕಾಗಿ, ಒಂದೇ ಅಳತೆಯ ಎರಡು ತಗಡಿನ ಬೋಗುಣಿಗಳನ್ನು ಬಾಯಿಗೆ ಬಾಯಿ ಕೂಡಿಸಿ, ಮೇಣ ಬಳಿದು, ಮೇಲೆ ಕಾಗದ ಅಂಟಿಸಿ, ಖಂಡಗಳನ್ನು ಬರೆದು ಅವರೇ ಒಂದು ಗೋಳ ಮಾಡಿಕೊಂಡಿದ್ದರು. ಸಮುದ್ರ ಮಾಸಿದಾಗಲೆಲ್ಲ ಹೆಬ್ಬೆರಳಿನಿಂದ ತಿಕ್ಕಿ ಬಣ್ಣ ಕೂರಿಸುತ್ತಿದ್ದರು.

ಅವರ ಪಾಠಕ್ಕೆ ಗೋಳದ ಜೊತೆ ಒಂದು ಎಳೆ ಬಾಳೆನಾರೂ ಬೇಕಿತ್ತು. ಹೆಂಡತಿ ಹೂ ಕಟ್ಟಲು ನೆನೆಹಾಕಿದ ನಾರಿನಲ್ಲಿ ಉದ್ದನೆಯದೊಂದನ್ನು ಆರಿಸಿ, ಒಣಗದ ಹಾಗೆ ಎಲೆಯಲ್ಲಿ ಸುತ್ತಿ, ಕೋಟಿನ ಜೇಬಿನಲ್ಲಿಟ್ಟುಕೊಂಡು ಬರುತ್ತಿದ್ದರು. ಮನುಷ್ಯ ಯಂತ್ರ ಕಟ್ಟಿಕೊಂಡು ಆಕಾಶದಲ್ಲಿ ಹಾರಿದ ಸುದ್ದಿ ಆಗಷ್ಟೇ ಪತ್ರಿಕೆಗಳಲ್ಲಿ ಬರತೊಡಗಿತ್ತು. "ನಾಳೆ ಒಬ್ಬ ಲಂಡನ್ನಿನಿಂದ ಟೋಕಿಯೋಗೆ ಹಾರುತ್ತಾನೆ ಅಂತಿಟ್ಟುಕೊಳ್ರೋ. ಅವನಿಗೆ ಗುಡ್ಡ ಅಡ್ಡ ಇಲ್ಲ, ಹೊಳೆ ಅಡ್ಡ ಇಲ್ಲ. ಯಾವ ದಾರಿ ಹತ್ತಿರ?" ಎಂದು ಕೇಳುವರು. ನಾವು ಗೋಡೆಯ ನಕ್ಷೆಯ ಮೇಲೆ ನೇರ ಗೆರೆ ಎಳೆದು, ತುರ್ಕಸ್ತಾನದ ಮರಳಿನ ಮೇಲೆ ಕರೆದೊಯ್ಯುವೆವು. ಅವರು ನಕ್ಕು, ನೀಲಿ ಉಗುರನ್ನು ಲಂಡನ್ನಿನ ಮೇಲೆ ಒತ್ತಿ, ನಾರನ್ನು ಟೋಕಿಯೋಗೆ ಬಿಗಿಯಾಗಿ ಎಳೆಯುವರು. ನಾರು ತಾನಾಗಿ ಮೇಲಕ್ಕೆ ಸರಿದು ರಷ್ಯಾದ ಹಿಮದ ಮೇಲೆ ಕೂರುತ್ತಿತ್ತು. ಅಷ್ಟೇ ಉದ್ದ ಹಿಡಿದು ಅದೇ ನಾರನ್ನು ಮರಳಿನ ದಾರಿಯಲ್ಲಿ ಹಾಸಿದರೆ ಟೋಕಿಯೋ ಮುಟ್ಟುವ ಮೊದಲೇ ಮುಗಿದುಹೋಗುತ್ತಿತ್ತು. "ಕಾಗದ ಚಪ್ಪಟೆ, ಅದರ ಮಾತೂ ಚಪ್ಪಟೆ" ಎನ್ನುವುದು ಅವರ ಮಾತು.

ಹೆಡ್‌ಮೇಷ್ಟ್ರಿಗೆ ಇದು ಸರಿಬರಲಿಲ್ಲ. ನೇರ ಗೆರೆಗಿಂತ ಡೊಂಕು ದಾರಿ ಹತ್ತಿರವೆಂದು ಹೇಳಿ ಹುಡುಗರ ಬುದ್ಧಿ ಕೆಡಿಸುತ್ತಿದ್ದಾರೆಂದು ಮೇಲಕ್ಕೆ ಬರೆದರು. ಹೊಳೆಯಾಚೆ ಸೋಸಲೆಯಲ್ಲಿ ಬಿಡಾರ ಮಾಡಿದ್ದ ಇನ್‌ಸ್ಪೆಕ್ಟರು, ಗೋಳ ತಂದು ರುಜುವಾತು ಮಾಡಿ, ಇಲ್ಲವೇ ಭೂಗೋಳ ಬಿಟ್ಟುಕೊಡಿ ಎಂದು ಹೇಳಿಕಳುಹಿಸಿದರು. ನಾನು ಆಗ ಮೈಸೂರಿನ ಕಾಲೇಜಿನಿಂದ ರಜೆಗೆ ಬಂದಿದ್ದೆ. ಜೊತೆಗೆ ಹೊರಟೆ.

ಆಷಾಢ. ನರಸೀಪುರದ ಹತ್ತಿರ ಕಪಿಲೆ ಕಾವೇರಿ ಎರಡೂ ಕೆಂಪಾಗಿದ್ದವು. ಹರಿಗೋಲಿನಲ್ಲಿ ಅಂಬಿಗ, ನಾವಿಬ್ಬರು, ಸೋಸಲೆಯ ಒಬ್ಬ ಮುದುಕಿ. ಮೇಷ್ಟ್ರ ತೊಡೆಯ ಮೇಲೆ ಗೋಳ.

"ಅದೇನ್ ಸಾಮಿ, ಕುಂಬಳಕಾಯಾ?" ಎಂದಳು ಮುದುಕಿ.

"ಭೂಮಿ ಕಣಮ್ಮ."

"ಅಯ್ಯೋ ಬುಡಿ! ನಾವ್ ಅದ್ರ ಮ್ಯಾಲಿದ್ದೀವೋ, ಅದು ನಿಮ್ ತೊಡೆ ಮ್ಯಾಲದೋ?"

ಮೇಷ್ಟ್ರು ಹರಿಗೋಲು ಅಲ್ಲಾಡುವ ಹಾಗೆ ನಕ್ಕರು. ಆ ನಗು ಮುಗಿದಿರಲಿಲ್ಲ, ತೇಲಿಬಂದ ಮರದ ಬೊಡ್ಡೆಯೊಂದು ಪಕ್ಕಕ್ಕೆ ಗುದ್ದಿತು. ಹರಿಗೋಲು ಗಿರ್ರನೆ ತಿರುಗಿತು. ತಳದ ಚರ್ಮ ಸೀಳಿ ನೀರು ನುಗ್ಗಿತು. ನೀರು ಮೊಗೆಯಲು ಇಟ್ಟಿದ್ದ ಸೋರೆಬುರುಡೆ ಎಗರಿ ಹೊಳೆ ಪಾಲಾಯಿತು.

"ಕೈಲಾದ್ರೂ ಎತ್ತಾಕ್ರಪ್ಪಾ! ತುಂಬ್ಕೊಂಡ್ರೆ ಮುಗೀತು!" ಎಂದು ಅಂಬಿಗ ಹುಟ್ಟು ಬಿಡದೆ ಕೂಗಿದ. ಮುದುಕಿ ನನ್ನ ತೋಳು ಹಿಡಿದು ದೇವರನ್ನು ಕರೆಯುತ್ತಿದ್ದಳು. ನನ್ನ ಬೊಗಸೆಯಲ್ಲಿ ನಿಂತದ್ದಕ್ಕಿಂತ ಹೆಚ್ಚು ನೀರು ಒಳಗೆ ಬರುತ್ತಿತ್ತು. ಮೊಣಕಾಲಿನವರೆಗೆ ಬಂತು.

ಮೇಷ್ಟ್ರು ಗೋಳವನ್ನು ಒಂದು ಗಳಿಗೆ ನೋಡಿದರು. ಆಮೇಲೆ ಹೆಬ್ಬೆರಳಿನ ಉಗುರನ್ನು ಭೂಮಧ್ಯರೇಖೆಗೆ ನಾಟಿ, ಕಾಗದ ಸೀಳಿ, ಮೇಣ ಕಿತ್ತು, ಗೋಳವನ್ನು ಎರಡು ಹೋಳು ಮಾಡಿದರು. "ಮೇಲಿನದು ನೀನು ತಗೊ, ಕೆಳಗಿನದು ನನಗೆ. ಮೊಗೆಯೋ!"

ಇಬ್ಬರೂ ಮೊಗೆದೆವು. ಮೊದಮೊದಲು ನಾವು ಚೆಲ್ಲಿದ ನೀರು ನೀಲಿಯಾಗಿತ್ತು. ಆಮೇಲೆ ಹೊಳೆಯ ಕೆಂಪೇ ಆಯಿತು. ಎಷ್ಟು ಹೊತ್ತು ಮೊಗೆದೆವೋ, ದಡ ಯಾವಾಗ ಸಿಕ್ಕಿತೋ ನನಗೆ ತಿಳಿಯದು. ಈಗಲೂ ಬಾವಿಕಟ್ಟೆಯಲ್ಲಿ ಚೊಂಬಿನಿಂದ ನೀರು ಸುರಿದುಕೊಳ್ಳುವಾಗ ಕೈ ತಾನೇ ಜೋರಾಗುತ್ತದೆ.

ದಡದಲ್ಲಿ ಮುದುಕಿ ಮೇಷ್ಟ್ರ ಕಾಲು ಮುಟ್ಟಿ, "ನಿಮ್ ಭೂಮಿ ಒಡ್ದೋಯ್ತಲ್ಲ ಸಾಮಿ" ಎಂದು ಅತ್ತಳು.

ಒದ್ದೆ ಬಟ್ಟೆಯಲ್ಲೇ ಬಿಡಾರಕ್ಕೆ ಹೋದೆವು. ಇನ್‌ಸ್ಪೆಕ್ಟರು ಕೆಟ್ಟವರಲ್ಲ. ನಡೆದದ್ದನ್ನು ಕೇಳಿ ಮರುಗಿ, ಇಬ್ಬರಿಗೂ ಬಿಸಿ ಹಾಲು ಕೊಡಿಸಿದರು. ಆದರೆ ಮುಂದಿನ ಊರಿಗೆ ಹೊರಡಲು ಅವರ ಗಾಡಿ ಹೂಡಿಯಾಗಿತ್ತು. ಮೇಷ್ಟ್ರು ಬೋಗುಣಿಗಳನ್ನು ಮತ್ತೆ ಜೋಡಿಸಿ ಹಿಡಿದು, ಕಾಗದ ನೆನೆದು ಕಳಚಿಹೋದ ಬರಿಯ ತಗಡಿನ ಮೇಲೆ ನಾರು ಎಳೆದು, "ಇಲ್ಲಿ ಲಂಡನ್ ಇತ್ತು ಸ್ವಾಮಿ" ಎಂದರು.

"ಊರೇ ಅಳಿಸಿಹೋದ ಮೇಲೆ ದಾರಿ ಯಾವುದು ಅಂತ ನೋಡಲಿ ಮೇಷ್ಟ್ರೇ?"

"ಒಂದು ಕುಂಬಳಕಾಯಿ ತರಿಸಿದರೆ..."

ಅಲ್ಲಿದ್ದವರೆಲ್ಲ ಗೊಳ್ಳೆಂದರು. ಮೇಷ್ಟ್ರು ನಾರನ್ನು ಸುತ್ತಿ ಜೇಬಿಗೆ ಹಾಕಿಕೊಂಡರು.

ಭೂಗೋಳ ಹೆಡ್‌ಮೇಷ್ಟ್ರ ಕೈಗೆ ಹೋಯಿತು. ನಮ್ಮ ಮೇಷ್ಟ್ರಿಗೆ ಸಣ್ಣ ತರಗತಿಗಳ ಕಾಪಿ ತಿದ್ದುವ ಕೆಲಸ ಬಂತು. ಇನ್ನೊಂದು ಗೋಳ ಮಾಡಿ ಎಂದು ರಜೆಗೆ ಬಂದಾಗಲೆಲ್ಲ ಪೀಡಿಸುತ್ತಿದ್ದೆ. "ಆಗಲಪ್ಪ, ಬೇಸಿಗೆ ಬರಲಿ" ಎನ್ನುವರು. ಬೇಸಿಗೆ ಬಂದು ಹೋಗುತ್ತಿತ್ತು. ಒಮ್ಮೆ ನೋಡಿದರೆ ಹೆಬ್ಬೆರಳಿನ ನೀಲಿ ಪೂರ್ತಿ ಹೋಗಿತ್ತು. ಎಲ್ಲರ ಉಗುರಿನ ಹಾಗಿದ್ದ ಆ ಉಗುರನ್ನು ನನಗೆ ನೋಡಲಾಗಲಿಲ್ಲ.

ಪ್ಲೇಗು ಬಂದು ಊರು ಬಿಟ್ಟು ಹೊಲದ ಗುಡಿಸಲುಗಳಲ್ಲಿದ್ದಾಗ ಅವರು ತೀರಿಕೊಂಡರು. ನಾನು ಬಂದು ಸೇರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರ ಪಾಲಿನ ಬೋಗುಣಿ ಗುಡಿಸಲ ಹೊರಗೆ ಮಲ್ಲಿಗೆ ಗಿಡದ ಬುಡದಲ್ಲಿತ್ತು. ನನ್ನದು ನನ್ನ ಹತ್ತಿರವೇ ಇದೆ. ಹೊಳೆಯಿಂದ ಹಿಂದಿರುಗಿದ ದಿನ ನಾನು ಕೊಡಹೋದಾಗ, "ನಿನ್ನಲ್ಲೇ ಇರಲಿ ಮಗು" ಎಂದಿದ್ದರು.

ಆ ಹೊಳೆಯ ನಡುವೆ ನನಗೆ ಹೊಳೆಯದೇ ಇದ್ದದ್ದು ಈಗ ದಿನವೂ ನೆನಪಾಗುತ್ತದೆ. ಲಂಡನ್, ಟೋಕಿಯೋ, ನಡುವಿನ ಹಿಮ, ಎಲ್ಲ ಇದ್ದದ್ದು ಗೋಳದ ಮೇಲಿನ ಅರ್ಧದಲ್ಲಿ. ಯಾವ ದಾರಿಯನ್ನು ತೋರಿಸಲೆಂದು ಅವರು ಹೊಳೆ ದಾಟಲು ಹೊರಟಿದ್ದರೋ, ಆ ದಾರಿ ಇದ್ದ ಹೋಳನ್ನೇ ಕಿತ್ತು ನನ್ನ ಕೈಗೆ ಕೊಟ್ಟು, ಮೊಗೆ ಎಂದರು. ನಾನು ಮೊಗೆದೆ.