ಹೇಮಾ ಬರೆದಿಟ್ಟ ನೋಟ್‌ಬುಕ್ಕು

2004ರ ಅಕ್ಟೋಬರಿನಲ್ಲಿ ಹೇಮಾ ಎಂಟು ದಿನ ಒಂದೇ ಗುಂಡಿ ಒತ್ತಿದಳು. ಎಂಟೂ ದಿನ ಒಂದೇ ಉತ್ತರ ಬಂತು.

ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಲಾರಿ ತೂಗುವ ಕಾಟಾದ ಅಂಕಿಯನ್ನು ಕಂಪ್ಯೂಟರಿಗೆ ತರುವ ಪ್ರೋಗ್ರಾಂ ಬರೆಯುವ ಕೆಲಸ ಅವಳದು. ಹೊಸ ನೆಲ್ಲು ಬರುವಷ್ಟರಲ್ಲಿ ಅದು ನಡೆದರೆ ಗಿರಣಿಯಲ್ಲಿ ಕಾಯಂ ನೌಕರಿ ಎಂದು ಮಾಲೀಕ ಪ್ರವೀಣಕುಮಾರ ಹೇಳಿದ್ದ. ತಾನು ಕೆಲಸಕ್ಕಿದ್ದ, ಕಂಪ್ಯೂಟರ್ ಕಲಿಸುವ ಅಂಗಡಿ ಮುಚ್ಚಿದ ಮೇಲೆ ಹೇಮಾ ನಾಲ್ಕು ತಿಂಗಳು ಮನೆಯಲ್ಲೇ ಇದ್ದಳು. ‘ಇನ್ನೂ ಎಲ್ಲೂ ಹತ್ತಲಿಲ್ಲೇನು?’ ಎಂದು ಕೇಳುವವರಿಗೆ ಉತ್ತರ ಕೊಟ್ಟು ಅವಳ ನಾಲಿಗೆ ಸವೆದಿತ್ತು. ಈ ನೌಕರಿ ಅವಳಿಗೆ ಬೇಕೇ ಬೇಕಿತ್ತು.

ಕಾಟಾದಿಂದ ತಂತಿ ಬಂದಿತ್ತು, ಕಾಟಾದ ಮೇಲೆ ಅಂಕಿ ಹೊಳೆಯುತ್ತಿತ್ತು. ಕಂಪ್ಯೂಟರು ಮಾತ್ರ ಹೂಂ ಅನ್ನುತ್ತಿರಲಿಲ್ಲ. ಯಾಕೆಂದು ತಿಳಿಯಲು ಸಹಾಯದ ಗುಂಡಿ ಒತ್ತಿದರೆ ‘ಎರಡನೇ ಸಿಡಿ ಹಾಕಿ’ ಎಂಬ ಪೆಟ್ಟಿಗೆ ತೆರೆದುಕೊಳ್ಳುತ್ತಿತ್ತು. ಆ ಹಳೆಯ ಕಂಪ್ಯೂಟರಿನಲ್ಲಿ ಜಾಗ ಸಾಲದೆ ಸಹಾಯದ ಪುಟಗಳನ್ನೆಲ್ಲ ಸಿಡಿಯಲ್ಲೇ ಉಳಿಸಿದ್ದಳು. ಸಿಡಿ ಇಟ್ಟಿದ್ದ ಮನೆಯ ಟ್ರಂಕಿನಲ್ಲಿ ಅದು ಸಿಗಲಿಲ್ಲ. ಸೈಬರ್ ಕೆಫೆಯಲ್ಲಿ ಹುಡುಕಿದರೆ ಒಂದು ಪುಟ ಅರ್ಧ ತೆರೆಯುವಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ಕೊಪ್ಪಳಕ್ಕೆ ಹೋಗಿ ಮೂರು ಅಂಗಡಿ ಕೇಳಿ ಬಂದಳು. ಒಬ್ಬನಂತೂ ಹಾಡಿನ ಸಿಡಿ ತೋರಿಸಿ, ‘ಇದ ನಡೀತೈತೇನ್ರಿ?’ ಎಂದು ಕೇಳಿದ.

ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತಾಗಿತ್ತು ಅವಳ ಕಥೆ. ಒಂಬತ್ತನೇ ದಿನ, ಭಾನುವಾರ, ಹನುಮನಹಳ್ಳಿಯ ಹೊಲಕ್ಕೆ ಅಪ್ಪ ಮುದುಕಪ್ಪನ ಬುತ್ತಿ ಒಯ್ದಳು. ನೆಲ್ಲಿನ ತೆನೆಯಲ್ಲಿ ಹಾಲು ತುಂಬಿತ್ತು. ಬದುವಿನ ಉದ್ದಕ್ಕೂ ಕೋಲು ನೆಟ್ಟು, ಹಕ್ಕಿ ಬೆದರಲೆಂದು ಸಿಡಿಗಳನ್ನು ದಾರಕ್ಕೆ ಕಟ್ಟಿದ್ದರು. ಮೂರನೆಯ ಕೋಲಿನಲ್ಲಿ ತಿರುಗುತ್ತಿದ್ದುದರ ಮೇಲೆ ಅವಳದೇ ಕೈಬರಹವಿತ್ತು: ಸಹಾಯ, ಎರಡು.

“ಅಪ್ಪಾ, ಇದನ್ನ್ಯಾಕ ಕಟ್ಟಿದಿ?”

“ಕೆಟ್ಟಿದ್ದಲ್ಲೇನವ್ವಾ ಅದು? ಬಾಜೂಮನಿ ರಾಜಾಸಾಬನ ಟಿವ್ಯಾಗ ಹಾಕಿ ನೋಡಿದ್ನಿ. ಹಾಡೂ ಬರಲಿಲ್ಲ, ಪಿಚ್ಚರೂ ಬರಲಿಲ್ಲ. ಛಲೋ ಇದ್ದವು ಟ್ರಂಕಿನಾಗನ ಅದಾವ ನೋಡು.”

ಪರೀಕ್ಷೆ ಮಾಡದೆ ಮುದುಕಪ್ಪ ಏನನ್ನೂ ಎಸೆಯುವವನಲ್ಲ. ಬೈಯುವುದಕ್ಕೂ ಹೇಮಾಳಲ್ಲಿ ತ್ರಾಣವಿರಲಿಲ್ಲ. ದಾರ ಬಿಚ್ಚಿ, ಕಾಲುವೆಯ ನೀರಿನಲ್ಲಿ ತೊಳೆದು, ಸೆರಗಿನಲ್ಲಿ ಒರೆಸಿದಳು. ಕೋಲಿಗೆ ತಿಕ್ಕಿ ಒಂದು ಮಗ್ಗುಲು ಗೀರು ಬಿದ್ದಿತ್ತು.

ಮರುದಿನ ಸಿಡಿ ಕರಕರ ಎಂದು, ನಿಂತು, ಮತ್ತೆ ತಿರುಗಿ ಕೊನೆಗೂ ಪುಟ ತೆರೆಯಿತು. ಎಷ್ಟು ಅಕ್ಷರ ಬಂದರೆ ಪ್ರೋಗ್ರಾಮನ್ನು ಎಬ್ಬಿಸಬೇಕು ಎಂದು ಹೇಳುವ ಒಂದು ಅಂಕಿ ಇದೆಯಂತೆ. ಹೇಳದೆ ಬಿಟ್ಟರೆ ಅದು ಸೊನ್ನೆ. ಸೊನ್ನೆಯಿದ್ದರೆ ಏನೇ ಬಂದರೂ ಎಬ್ಬಿಸುವುದಿಲ್ಲ. ಹೇಮಾ ಸೊನ್ನೆ ತೆಗೆದು ಒಂದು ಹಾಕಿದಳು. ಹೊರಗೆ ನಿಂತಿದ್ದ ಲಾರಿಯ ತೂಕ ಪರದೆಯ ಮೇಲೆ ಬಂದು ಕೂತಿತು. ಅವಳಿಗೆ ಖುಷಿಗಿಂತ ಹೆಚ್ಚಾಗಿ ಮಲಗಬೇಕು ಅನಿಸಿತು.

ಆದರೆ ಮಲಗಲಿಲ್ಲ. ಸಿಡಿ ಇನ್ನೆಷ್ಟು ದಿನ ಬಾಳೀತೋ ಎಂಬ ಹೆದರಿಕೆಗೆ, ಬೇಕಾದ ಪುಟಗಳನ್ನೆಲ್ಲ ಎರಡು ವಾರ ಕೂತು ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದಳು. ಅಂಕಿ ಬಾರದಿದ್ದರೆ ಯಾವ ತಂತಿ ನೋಡಬೇಕು, ಅರ್ಧ ತೂಕ ಬಂದರೆ ಏನು ತಿದ್ದಬೇಕು, ಕರೆಂಟು ಹೋಗಿ ಬಂದರೆ ಮೊದಲು ಯಾವುದನ್ನು ಹಚ್ಚಬೇಕು, ಎಲ್ಲ ಚಿತ್ರ ಸಮೇತ. ತನ್ನಂತೆ ಇನ್ನೊಬ್ಬರು ಎಂಟು ದಿನ ಗೋಡೆಗೆ ತಲೆ ಚಚ್ಚಿಕೊಳ್ಳುವುದು ಬೇಡ ಎಂಬುದಷ್ಟೇ ಅವಳ ಮನಸ್ಸಿನಲ್ಲಿತ್ತು.

ಕಾಟಾ ನೋಡಿಕೊಳ್ಳುವ ಹುಸೇನಬಾಷಾ ಏಳನೇ ಇಯತ್ತೆ ಓದಿದವನು. ನೋಟ್‌ಬುಕ್ಕು ಹಿಡಿದು ಒಂದು ದಿನ ತಾನೇ ಎಲ್ಲ ನಡೆಸಿದ. ಸಂಜೆ ಪ್ರವೀಣಕುಮಾರ ಹೇಮಾಳನ್ನು ಕರೆಸಿ ಚಹಾ ತರಿಸಿದ.

“ಭಾಳ ಛಲೋ ಬರದೀರಿ ನೋಡ್ರಿ. ಸಣ್ಣ ಹುಡುಗರಿಗೂ ತಿಳೀತೈತಿ. ಎಲ್ಲಾ ಹುಸೇನಬಾಷಾನೇ ನೋಡಿಕೊಂತಾನ. ಇನ್ನ ನಿಮಗ್ಯಾಕ್ರಿ ದಿನಾ ಹೋಗಿ ಬರೋ ತ್ರಾಸು?”

“ನೌಕರಿ ಅಂದಿದ್ರಲ್ರೀ?”

“ಕೆಲಸ ಇದ್ರಲ್ಲೇನ್ರಿ ನೌಕರಿ? ನೀವ ಮುಗಿಸಿ ಕೊಟ್ಟೀರಿ.”

ಅವನ ದನಿಯಲ್ಲಿ ಕಪಟವಿರಲಿಲ್ಲ, ನಿಜವಾಗಿಯೂ ಹೊಗಳುತ್ತಿದ್ದ. ಅದರಿಂದ ಅವಳಿಗೆ ಇನ್ನೂ ಹೆಚ್ಚು ಉರಿಯಿತು.

ಹೇಮಾ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತಳು. ಅಷ್ಟು ಬಿಡಿಸಿ ಬರೆಯಬಾರದಿತ್ತು, ನಾಲ್ಕು ಮಾತು ಹೊಟ್ಟೆಯಲ್ಲಿ ಇಟ್ಟುಕೊಳ್ಳಬೇಕಿತ್ತು ಎನಿಸಿತು. ಯಾವ ನಾಲ್ಕು ಮಾತು ಎಂದು ಆನೆಗೊಂದಿ ದಾಟುವವರೆಗೂ ಒಂದೊಂದೇ ಪುಟ ನೆನಪಿಸಿಕೊಂಡಳು. ಬಿಡಬಹುದಾದ ಒಂದು ಸಾಲೂ ಅವಳಿಗೆ ಸಿಗಲಿಲ್ಲ.